ಪುರಾಣದ ಪ್ರಾಣಿ, ನಿಜದ ಪ್ರಾಣಿ: ಯಾವ ಜೋಡಿ ನಿಲ್ಲುತ್ತೆ, ಯಾವುದು ಬೀಳುತ್ತೆ?

ಸೋಮವಾರಪೇಟೆ ಮೇಷ್ಟ್ರು ಕೇಳಿದ್ದು:

ಆಗಸ್ಟ್ ಮೊದಲ ವಾರ ಪ್ರೌಢಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇದೆ. ಒಂಬತ್ತನೇ ತರಗತಿಯವರ ವಿಷಯ: ಕಥೆ, ಪುರಾಣಗಳಲ್ಲಿ ಬರುವ ವಿಚಿತ್ರ ಪ್ರಾಣಿಗಳ ಹಿಂದೆ ಇರಬಹುದಾದ ನಿಜವಾದ ಅಥವಾ ಅಳಿದುಹೋದ ಪ್ರಾಣಿಗಳು. ಒಂದು ಕೋಣೆ, 3×4 ಅಡಿಯ ಆರು ಫಲಕ, ಎರಡು ಮೂರು ಮಾದರಿಗೆ ಜಾಗ. ಮಕ್ಕಳು ಅಂತರ್ಜಾಲದಿಂದ ಎತ್ತಿಕೊಂಡು ಬಂದ ಜೋಡಿಗಳು ಇವು: ಒಕ್ಕಣ್ಣ ಸೈಕ್ಲೋಪ್ಸ್ – ಕುಬ್ಜ ಆನೆ, ಗ್ರಿಫಿನ್ – ಪ್ರೊಟೊಸೆರಾಟಾಪ್ಸ್ (ಒಂದು ಡೈನೋಸಾರ್), ಯೂನಿಕಾರ್ನ್ (ಒಂಟಿಕೊಂಬಿನ ಕುದುರೆ) – ಎಲಾಸ್ಮೊಥೀರಿಯಂ (ಅಳಿದುಹೋದ ಘೇಂಡಾಮೃಗ), ಮತ್ಸ್ಯಕನ್ಯೆ – ಡ್ಯುಗಾಂಗ್ (ಕಡಲಹಸು), ರುಖ್ ಹಕ್ಕಿ – ಮಡಗಾಸ್ಕರಿನ ಆನೆಹಕ್ಕಿ, ಯೇತಿ (ಹಿಮಮಾನವ) – ಜೈಗ್ಯಾಂಟೊಪಿಥಿಕಸ್ (ಅಳಿದುಹೋದ ದೈತ್ಯ ವಾನರ), ಮಕರ – ಮೊಸಳೆ. ಗಂಡಭೇರುಂಡದ ಎದುರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.

ಇವುಗಳಲ್ಲಿ ಯಾವುದನ್ನು ಧೈರ್ಯವಾಗಿ ಫಲಕಕ್ಕೆ ಏರಿಸಬಹುದು? ಕೊಡಗಿನದ್ದು ಅಂತ ಒಂದಾದರೂ ಬೇಕು. ಜೊತೆಗೆ, ಕಕ್ಕಡ ತಿಂಗಳ ಮಳೆಯಲ್ಲಿ ಕಾಗದದ ಮಾದರಿ ಒಣಗಿಸುವ ದಾರಿ ಗೊತ್ತಿದ್ದವರು ತಿಳಿಸಿ.

---

ಕಲ್ಲುಪುಡಿ:

ಮೇಷ್ಟ್ರೇ, ಪ್ರತಿ ಜೋಡಿಗೂ ಮೂರು ಪ್ರಶ್ನೆ ಕೇಳಿಸಿ. ಕಥೆ ಹುಟ್ಟಿದ ಜಾಗದಲ್ಲಿ ಆ ಮೂಳೆ ಸಿಗುತ್ತಾ? ಕಥೆ ಹಳೆಯದಾ, ಮೂಳೆಯ ಪರಿಚಯ ಹಳೆಯದಾ? ಆ ಕಾಲದವರು ಆ ವಸ್ತುವನ್ನು ಕೈಯಲ್ಲಿ ಹಿಡಿದಿದ್ದರು ಅನ್ನುವುದಕ್ಕೆ ಕುರುಹು ಇದೆಯಾ? ನಿಮ್ಮ ಪಟ್ಟಿಯಲ್ಲಿ ಹೆಚ್ಚಿನವು ಮೂರನೆಯದರಲ್ಲೇ ಮುಗ್ಗರಿಸುತ್ತವೆ. "ನೋಡೋಕೆ ಹಾಗೇ ಇದೆಯಲ್ಲ" ಅನ್ನುವುದು ಸಾಕ್ಷಿ ಅಲ್ಲ.

ಸೈಕ್ಲೋಪ್ಸ್ ನೋಡಿ. ಸಿಸಿಲಿ ದ್ವೀಪದ ಗುಹೆಗಳಲ್ಲಿ ಭುಜದ ಹತ್ತಿರ ಸುಮಾರು 1 ಮೀಟರ್ ಎತ್ತರದ ಕುಬ್ಜ ಆನೆಗಳ ಮೂಳೆ ಸಿಗುವುದು ನಿಜ. ಆನೆ ಬುರುಡೆಯ ನಡುಮಧ್ಯ ಸೊಂಡಿಲಿನ ದೊಡ್ಡ ತೂತು ಇರುತ್ತದೆ. ಕಣ್ಣಿನ ಗುಳಿಗಳು ಪಕ್ಕದಲ್ಲಿ, ಹಿಂಬದಿ ಮುಚ್ಚದೆ ತೆರೆದೇ ಇರುವುದರಿಂದ ಗುಳಿಗಳೆಂದು ಗುರುತೇ ಸಿಗುವುದಿಲ್ಲ. ಹಾಗಾಗಿ ನಡುವಿನ ತೂತೇ ಕಣ್ಣಿನಂತೆ ಕಾಣುತ್ತದೆ. ಆದರೆ ಈ ಮಾತು ಹೇಳಿದ್ದು 1914ರಲ್ಲಿ ಒಥೇನಿಯೋ ಆಬೆಲ್ ಎಂಬ ವಿಜ್ಞಾನಿ, ಹಳೆಯ ಗ್ರೀಕರಲ್ಲ. ಆ ಕಥೆಗೆ ಆನೆ ಬುರುಡೆಯನ್ನು ಜೋಡಿಸುವ ಪ್ರಾಚೀನ ಗ್ರೀಕ್ ಬರಹ ಸಿಕ್ಕಿಲ್ಲ. "ಸಾಧ್ಯತೆ ಇದೆ" ಅಂತ ಹಾಕಿ, "ಇದೇ ಕಾರಣ" ಅಂತ ಹಾಕಬೇಡಿ.

ಗ್ರಿಫಿನ್ ಇನ್ನೂ ಸಡಿಲ. ಗೋಬಿ ಮರುಭೂಮಿಯಲ್ಲಿ ಚಿನ್ನ ಹುಡುಕುತ್ತಿದ್ದ ಅಲೆಮಾರಿಗಳು ಕೊಕ್ಕಿರುವ ಪ್ರೊಟೊಸೆರಾಟಾಪ್ಸ್ ಅಸ್ಥಿಪಂಜರ ಕಂಡು ಹದ್ದುಮೊಗದ ಸಿಂಹವನ್ನು ಕಲ್ಪಿಸಿಕೊಂಡರು ಎಂಬ ವಾದವನ್ನು ಏಡ್ರಿಯನ್ ಮೇಯರ್ ಜನಪ್ರಿಯಗೊಳಿಸಿದರು. 2024ರಲ್ಲಿ ಮಾರ್ಕ್ ವಿಟನ್ ಮತ್ತು ರಿಚರ್ಡ್ ಹಿಂಗ್ ಅದನ್ನು ಬಿಡಿಬಿಡಿಯಾಗಿ ಪರಿಶೀಲಿಸಿದರು. ಆ ಮೂಳೆ ಸಿಗುವ ಜಾಗಕ್ಕೂ ಚಿನ್ನ ಸಿಗುವ ಜಾಗಕ್ಕೂ ನೂರಾರು ಕಿಲೋಮೀಟರ್ ದೂರ. ಕಲ್ಲಿನಿಂದ ಹೊರಗೆ ಇಣುಕುವುದು ಸಾಮಾನ್ಯವಾಗಿ ಮೂಳೆಯ ಒಂದು ತುದಿ ಮಾತ್ರ, ಇಡೀ ಪ್ರಾಣಿ ಮಲಗಿದಂತೆ ಕಾಣುವುದು ವಸ್ತುಸಂಗ್ರಹಾಲಯದವರು ಕೆತ್ತಿ ಬಿಡಿಸಿದ ಮೇಲೆ. ಗ್ರಿಫಿನ್ ಚಿತ್ರಗಳಂತೂ ಈಜಿಪ್ಟ್, ಪಶ್ಚಿಮ ಏಷ್ಯಾದ ಕಲೆಯಲ್ಲಿ ಗ್ರೀಕರಿಗಿಂತ ಸಾವಿರಾರು ವರ್ಷ ಹಿಂದಿನವು. ಇದನ್ನು ಪಟ್ಟಿಯಿಂದ ತೆಗೆಯಿರಿ. ಅಥವಾ ಒಂದು ಊಹೆ ಹೇಗೆ ಬೀಳುತ್ತದೆ ಎಂದು ತೋರಿಸಲಿಕ್ಕೇ ಒಂದು ಫಲಕ ಕೊಡಿ. ನನ್ನ ಓಟು ಅದಕ್ಕೆ.

ಅದರ ಬದಲು ಮೂರೂ ಪ್ರಶ್ನೆ ದಾಟುವ ಎರಡು ಉದಾಹರಣೆ ಇವೆ. ಆಸ್ಟ್ರಿಯಾದ ಕ್ಲಾಗೆನ್‌ಫುರ್ಟ್ ಊರಿನ ಚೌಕದಲ್ಲಿ ಲಿಂಡ್‌ವುರ್ಮ್ ಎಂಬ ಡ್ರ್ಯಾಗನ್ ಶಿಲ್ಪ ಇದೆ, ಸುಮಾರು 1590ರದ್ದು. ಅದರ ತಲೆಗೆ ಮಾದರಿ, ಊರಿನ ಹತ್ತಿರ 1335ರ ಸುಮಾರಿಗೆ ಸಿಕ್ಕಿತೆನ್ನುವ ಒಂದು ಬುರುಡೆ. 1840ರಲ್ಲಿ ಫ್ರಾನ್ಸ್ ಉಂಗರ್ ಅದನ್ನು ಉಣ್ಣೆ ಖಡ್ಗಮೃಗದ ಬುರುಡೆಯೆಂದು ಗುರುತಿಸಿದರು. ಬುರುಡೆಯೂ ಉಳಿದಿದೆ, ಶಿಲ್ಪವೂ ಉಳಿದಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಇನ್ನೊಂದು ನಮ್ಮ ಮನೆಗಳಲ್ಲೇ ಇದೆ: ಸಾಲಿಗ್ರಾಮ. ನೇಪಾಳದ ಕಾಳಿಗಂಡಕಿ ನದಿಯ ಕಪ್ಪು ಕಲ್ಲು. ವಜ್ರಕೀಟ ಎಂಬ ಹುಳು ಕಲ್ಲನ್ನು ಕೊರೆದು ಒಳಗೆ ಚಕ್ರ ಮೂಡಿಸಿತು ಅಂತ ಪುರಾಣ. ಆ ಚಕ್ರ ಅಮೊನೈಟ್ ಎಂಬ ಕಡಲಪ್ರಾಣಿಯ ಚಿಪ್ಪಿನ ಅಚ್ಚು. ಇವತ್ತಿನ ಸ್ಕ್ವಿಡ್, ಆಕ್ಟೋಪಸ್‌ಗಳ ನೆಂಟ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪೂರ್ತಿ ಅಳಿಯಿತು. ಹಿಮಾಲಯ ಏಳುವ ಮೊದಲು ಅಲ್ಲಿ ಕಡಲಿತ್ತು ಅನ್ನುವುದಕ್ಕೂ ಅದೇ ಸಾಕ್ಷಿ. ಪುರಾಣ ಹೇಳಿದವರು ಒಂದನ್ನು ಸರಿಯಾಗಿ ಗಮನಿಸಿದ್ದರು: ಈ ಗುರುತು ಮನುಷ್ಯ ಕೆತ್ತಿದ್ದಲ್ಲ, ಒಂದು ಜೀವಿಯದ್ದು. ಜೀವಿ ಯಾವುದು ಎಂಬಲ್ಲಿ ಮಾತ್ರ ತಪ್ಪಿದರು.

ಒಡೆದ ಸಾಲಿಗ್ರಾಮ ಸಿಕ್ಕರೆ ಭೂತಗನ್ನಡಿ ಕೊಟ್ಟು ನೋಡಿಸಿ. ಸುರುಳಿಗೆ ಅಡ್ಡಲಾಗಿ ಏಣುಗಳು ಓಡುತ್ತವೆ. ಹೊರ ಸುತ್ತಿಗೆ ಬಂದಂತೆ ಏಣುಗಳ ನಡುವಿನ ಅಂತರ ಅಗಲವಾಗುತ್ತದೆ. ಒಂದು ಹೋಳಿನಲ್ಲಿ ಉಬ್ಬಿದ್ದರೆ ಎದುರು ಹೋಳಿನಲ್ಲಿ ಅದೇ ಏಣು ತಗ್ಗು. ಕೆಲವದರಲ್ಲಿ ಪೈರೈಟ್ ಹೊನ್ನಿನಂತೆ ಮಿನುಗುತ್ತದೆ. ಕೆತ್ತಿದ ನಕಲಿಯಲ್ಲಿ ಏಣುಗಳ ಅಂತರ ಒಳಗೂ ಹೊರಗೂ ಒಂದೇ ಸಮ, ಎದುರು ಹೋಳಿನ ಅಚ್ಚು ಹೊಂದುವುದೂ ಇಲ್ಲ. ಪೂಜೆಯ ಕಲ್ಲನ್ನು ಕೇಳದೆ ತರಬೇಡಿ, ಅದರ ಮೇಲೆ ಆಮ್ಲ ಬಿಟ್ಟು ಪರೀಕ್ಷೆ ಮಾಡುವುದಂತೂ ಬೇಡವೇ ಬೇಡ.

ಕೊಡಗಿನ ಮಾತಿಗೆ ಬಂದರೆ ಒಂದು ನಿರಾಸೆ. ಇಲ್ಲಿನ ಬಂಡೆ ಮುಖ್ಯವಾಗಿ ನೈಸ್ ಮತ್ತು ಚಾರ್ನೊಕೈಟ್, 300 ಕೋಟಿ ವರ್ಷಕ್ಕೂ ಹಳೆಯದು. ಮೂಳೆಯಿರುವ ಪ್ರಾಣಿ ಹುಟ್ಟುವ ಎಷ್ಟೋ ಮೊದಲಿನದು. ಮೇಲಿನ ಕೆಂಪು ಮಣ್ಣು ಹುಳಿ, ಮಳೆ ವಿಪರೀತ, ಹಾಗಾಗಿ ಹೂತ ಮೂಳೆಯೂ ಕರಗಿಹೋಗುತ್ತದೆ. ಪುಷ್ಪಗಿರಿಯಲ್ಲಿ ಡೈನೋಸಾರ್ ಮೂಳೆ ಸಿಕ್ಕಿತು ಅಂತ ವಾಟ್ಸಾಪಿನಲ್ಲಿ ಬಂದರೆ ಅಲ್ಲೇ ಅಳಿಸಿಬಿಡಿ. ಕೊಡಗಿನ ಕಥೆಗಳ ಹಿಂದೆ ಪ್ರಾಣಿ ಹುಡುಕುವುದಾದರೆ ಬದುಕಿರುವ ಪ್ರಾಣಿಯನ್ನೇ ಹುಡುಕಬೇಕು.

---

ಏಲಕ್ಕಿಮಲೆ:

ಕಲ್ಲುಪುಡಿಯವರು ಬಿಟ್ಟ ಜೋಡಿಗಳನ್ನು ನಾನು ಹೇಳ್ತೀನಿ.

ಯೂನಿಕಾರ್ನ್: ಎಲಾಸ್ಮೊಥೀರಿಯಂ ಸುಮಾರು 39,000 ವರ್ಷಗಳ ಹಿಂದಿನವರೆಗೂ ಬದುಕಿತ್ತು. ಅದರ ನೆನಪು ಅಷ್ಟು ವರ್ಷ ಬಾಯಿಂದ ಬಾಯಿಗೆ ಉಳಿದು ಬಂತು ಅನ್ನೋಕೆ ಆಧಾರ ಇಲ್ಲ. ಅದಕ್ಕಿಂತ ಸರಳ ಉತ್ತರ ಎರಡು ಪ್ರಾಣಿಗಳಲ್ಲಿದೆ. ಕಥೆ ಕೊಟ್ಟದ್ದು ನಮ್ಮ ಘೇಂಡಾಮೃಗ. ಕ್ರಿಸ್ತಪೂರ್ವ 400ರ ಸುಮಾರಿಗೆ ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯ ಭಾರತದಲ್ಲಿ ಒಂದೇ ಕೊಂಬಿನ ಪ್ರಾಣಿ ಇದೆ, ಅದರ ಕೊಂಬಿನ ಬಟ್ಟಲಲ್ಲಿ ಕುಡಿದರೆ ವಿಷ ತಟ್ಟಲ್ಲ ಅಂತ ಬರೆದ. ವಸ್ತು ಕೊಟ್ಟದ್ದು ಉತ್ತರ ಧ್ರುವ ಸಮುದ್ರದ ನಾರ್ವಾಲ್ ತಿಮಿಂಗಿಲ. ಯುರೋಪಿನ ಅರಮನೆಗಳಲ್ಲಿ "ಯೂನಿಕಾರ್ನ್ ಕೊಂಬು" ಅಂತ ಇಟ್ಟಿದ್ದ ತಿರುಚಿದ ಕೋಲು ಅದರ ಹಲ್ಲು, ಮೇಲ್ದವಡೆಯ ಎಡಗೋರೆ. 1638ರಲ್ಲಿ ಡೆನ್ಮಾರ್ಕಿನ ಓಲೆ ವೊರ್ಮ್ ಅದನ್ನು ತೋರಿಸಿಕೊಟ್ಟ.

ಮಾದರಿಗೆ ಇದು ತುಂಬ ಅಗ್ಗ. ಮುಕ್ಕಾಲು ಇಂಚಿನ ಪಿವಿಸಿ ಪೈಪು 8 ಅಡಿ, ಅದಕ್ಕೆ ಓರೆಯಾಗಿ ಸುತ್ತಿದ ತೆಂಗಿನ ಹಗ್ಗ, ಮೇಲೆ ಸುಣ್ಣದ ಬಣ್ಣ. ತಪ್ಪಾಗೋದು ಒಂದೇ ಕಡೆ, ಸುತ್ತುವ ದಿಕ್ಕು. ನಾರ್ವಾಲ್ ಕೋರೆಯದು ಎಡಸುತ್ತು. ಪೈಪನ್ನು ನೆಟ್ಟಗೆ ನಿಲ್ಲಿಸಿ ಎದುರಿಂದ ನೋಡಿದರೆ ಹಗ್ಗ ಬಲಗಡೆಯ ಕೆಳಗಿನಿಂದ ಎಡಗಡೆಯ ಮೇಲಕ್ಕೆ ಏರಬೇಕು. ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಕ್ರೂ ಇದಕ್ಕೆ ಉಲ್ಟಾ. ಒಂದು ಸ್ಕ್ರೂ ಪಕ್ಕದಲ್ಲೇ ಇಟ್ಟುಕೊಂಡು ಸುತ್ತಿಸಿ.

ಯೇತಿ – ಜೈಗ್ಯಾಂಟೊಪಿಥಿಕಸ್ ತೆಗೀರಿ. 2017ರಲ್ಲಿ ಯೇತಿಯದ್ದು ಅಂತ ಕಾಪಾಡಿಕೊಂಡು ಬಂದಿದ್ದ ಒಂಬತ್ತು ಮಾದರಿಗಳ ಡಿಎನ್ಎ ನೋಡಿದಾಗ ಎಂಟು ಕರಡಿಯವು, ಒಂದು ನಾಯಿಯದ್ದು. ಆದರೆ ಜೈಗ್ಯಾಂಟೊಪಿಥಿಕಸ್ಸನ್ನು ಬಿಸಾಡಬೇಡಿ, ಬೇರೆ ಜೋಡಿಗೆ ಹಾಕಿ. ಚೀನಾದ ನಾಟಿ ಔಷಧಿ ಅಂಗಡಿಗಳಲ್ಲಿ ಪಳೆಯುಳಿಕೆಗಳನ್ನು "ಡ್ರ್ಯಾಗನ್ ಮೂಳೆ, ಡ್ರ್ಯಾಗನ್ ಹಲ್ಲು" ಅಂತ ತೂಕಕ್ಕೆ ಮಾರುತ್ತಿದ್ದರು, ಪುಡಿ ಮಾಡಿ ಕುಡಿಯೋಕೆ. 1935ರಲ್ಲಿ ಫಾನ್ ಕ್ಯೋನಿಗ್ಸ್‌ವಾಲ್ಡ್ ಹಾಂಗ್‌ಕಾಂಗಿನ ಅಂಥ ಅಂಗಡಿಯಲ್ಲೇ ಈ ದೈತ್ಯ ವಾನರದ ಹಲ್ಲು ಗುರುತಿಸಿದ್ದು. ಇವತ್ತಿಗೂ ಅದರ ಹಲ್ಲು ಮತ್ತು ಕೆಲವು ಕೆಳದವಡೆ ಬಿಟ್ಟರೆ ಬೇರೇನೂ ಸಿಕ್ಕಿಲ್ಲ. ಮಕ್ಕಳು ಇಡೀ ದೇಹ ಬರೆದರೆ "ಕಲ್ಪನೆಯ ಚಿತ್ರ" ಅಂತ ಕೆಳಗೆ ಬರೆಸಿ.

ಮತ್ಸ್ಯಕನ್ಯೆ ಅರ್ಧ ಸರಿ. 1493ರ ಜನವರಿಯಲ್ಲಿ ಕೊಲಂಬಸ್ ಮೂರು ಮತ್ಸ್ಯಕನ್ಯೆಯರನ್ನು ಕಂಡೆ, ಹೇಳಿದಷ್ಟು ಚೆಂದ ಇರಲಿಲ್ಲ ಅಂತ ದಾಖಲಿಸಿದ. ಅವು ಡ್ಯುಗಾಂಗಿನ ನೆಂಟ ಮ್ಯಾನಟಿ ಇರಬೇಕು. ಆದರೆ ಅರ್ಧ ಮೀನಿನ ಹೆಣ್ಣಿನ ಕಲ್ಪನೆ ಅದಕ್ಕೂ ಬಹಳ ಹಿಂದಿನದು. ಅವನು ಕಥೆ ಮೊದಲೇ ತಲೆಯಲ್ಲಿಟ್ಟುಕೊಂಡು ಪ್ರಾಣಿ ನೋಡಿದ. "ಮೂಲ" ಅನ್ನೋ ಬದಲು "ತಪ್ಪಾಗಿ ಗುರುತಿಸಿದ್ದು" ಅಂತ ಬರೆಯಿರಿ. ಜಾಗ ಉಳಿದರೆ ಸ್ಟೆಲ್ಲರ್ ಕಡಲಹಸು ಸೇರಿಸಿ: 1741ರಲ್ಲಿ ವಿಜ್ಞಾನಕ್ಕೆ ಗೊತ್ತಾಯ್ತು, ಸುಮಾರು 8 ಮೀಟರ್ ಉದ್ದ, 1768ಕ್ಕೆ ಬೇಟೆಯಾಡಿ ಮುಗಿಸಿದರು. ಇಪ್ಪತ್ತೇಳೇ ವರ್ಷ.

ರುಖ್: ಆನೆಹಕ್ಕಿ 3 ಮೀಟರ್ ಎತ್ತರ, ಹಾರಲಾರದ್ದು. ಆನೆಯನ್ನು ಎತ್ತಿಕೊಂಡು ಹಾರುವ ಹಕ್ಕಿಗೆ ಅದು ಹೊಂದಲ್ಲ. ಅದರ ಮೊಟ್ಟೆ ನೋಡಿದ ನಾವಿಕರು ಕಥೆಗೆ ರೆಕ್ಕೆ ಕಟ್ಟಿರಬಹುದು, ಅಷ್ಟೇ. ಹಾರುವ ಹಕ್ಕಿಯೇ ಬೇಕಿದ್ದರೆ ನ್ಯೂಜಿಲೆಂಡಿನ ಹಾಸ್ಟ್ ಹದ್ದು ಹಾಕಿ. ತೂಕ 10ರಿಂದ 15 ಕೆಜಿ, ರೆಕ್ಕೆ ಬಿಚ್ಚಿದರೆ ಸುಮಾರು 3 ಮೀಟರ್, ಮೋವಾ ಎಂಬ ದೈತ್ಯ ಹಕ್ಕಿಯನ್ನೇ ಬೇಟೆಯಾಡುತ್ತಿತ್ತು. ಮಾವೊರಿ ಜನ ಆ ದ್ವೀಪಕ್ಕೆ ಬಂದಾಗ ಅದಿನ್ನೂ ಬದುಕಿತ್ತು. ಮನುಷ್ಯರನ್ನು ಹೊತ್ತೊಯ್ಯುವ ಪೌಆಕೈ ಹಕ್ಕಿಯ ಕಥೆ ಅವರಲ್ಲಿದೆ. ಮೂಳೆ ಅಲ್ಲ, ಹಕ್ಕಿಯನ್ನೇ ನೋಡಿದವರ ಕಥೆ ಇದು.

ಇನ್ನು ಕೊಡಗಿನದ್ದು. ನನ್ನ ಆಯ್ಕೆ ಕಾಳಿಂಗ. ಕಾಳಿಯಮರ್ದನದ ಹಾವಿಗೂ ಇದಕ್ಕೂ ನೇರ ಸಂಬಂಧ ಕಟ್ಟೋಕೆ ಹೋಗಬೇಡಿ, ಆ ಕಥೆ ಯಮುನೆಯದು. ಆದರೆ ಕನ್ನಡದಲ್ಲಿ ಹಾವಿಗೆ ಆ ಹೆಸರು ಅಂಟಿದೆ, ಮತ್ತು 2024ರಲ್ಲಿ ಕಾಳಿಂಗ ಸರ್ಪವನ್ನು ನಾಲ್ಕು ಪ್ರಭೇದವಾಗಿ ಬಿಡಿಸಿದಾಗ ಪಶ್ಚಿಮಘಟ್ಟದ್ದಕ್ಕೆ ಒಫಿಯೋಫಾಗಸ್ ಕಾಳಿಂಗ ಅಂತಲೇ ಹೆಸರಿಟ್ಟರು. ಕನ್ನಡದ ಮಾತು ವಿಜ್ಞಾನದ ಹೆಸರಾಯ್ತು. ಈ ಹಾವು ಬುಸ್ ಅನ್ನಲ್ಲ, ನಾಯಿ ಗುರುಗುಟ್ಟಿದ ಹಾಗೆ ತಗ್ಗಿದ ದನಿ ಹೊರಡಿಸುತ್ತೆ. ಹೆಣ್ಣು ತರಗೆಲೆ ಎಳೆದು ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಇಡುತ್ತೆ, ಬೇರೆ ಯಾವ ಹಾವೂ ಹೀಗೆ ಗೂಡು ಕಟ್ಟಲ್ಲ. ಮಾತಾಡುವ ಹಾವು, ಮನೆ ಕಾಯುವ ಹಾವು ಅಂತ ಕಥೆ ಹುಟ್ಟೋಕೆ ಇಷ್ಟು ಸಾಲದೇ?

ಮಕ್ಕಳು ಚಿತ್ರ ಬರೆಯುವಾಗ ಕಾಳಿಂಗದ ಹೆಡೆಯ ಮೇಲೆ ಕನ್ನಡಕದ ಗುರುತು ಹಾಕಿಬಿಡ್ತಾರೆ. ಅದು ನಾಗರದ್ದು. ಕಾಳಿಂಗದ ಹೆಡೆ ಕಿರಿದು, ಉದ್ದ, ಕನ್ನಡಕದ ಗುರುತಿಲ್ಲ. ಪೊರೆ ಅಳೆದು "20 ಅಡಿ ಹಾವು" ಅಂತ ಬರೆಯೋದೂ ಬೇಡ. ಕಳಚುವಾಗ ಪೊರೆ ಹಿಗ್ಗುತ್ತೆ, ಹಾವಿಗಿಂತ ಯಾವಾಗಲೂ ಉದ್ದ.

ರಾತ್ರಿ ತೋಟದ ಅಂಚಿನ ಕಾಡಿಂದ ಹೆಂಗಸು ಕಿರುಚಿದ ಹಾಗೆ ಕೇಳುವ ದನಿಗೂ ಒಂದು ಮೂಲೆ ಕೊಡಿ. ಹೊಟ್ಟೆ ಮೇಲೆ ಚುಕ್ಕೆಯಿರುವ ದೊಡ್ಡ ಕೊಂಬಿನ ಗೂಬೆ ಹಾಗೆ ಕೂಗುತ್ತೆ. ಶ್ರೀಲಂಕಾದಲ್ಲಿ "ಉಲಮಾ" ಎಂಬ ದೆವ್ವದ ಹಕ್ಕಿಯ ಕಥೆಗೆ ಇದೇ ಬಲವಾದ ಅಭ್ಯರ್ಥಿ. ಕೂಗು ಕೇಳಿಸಿ, ಆಮೇಲೆ ಚಿತ್ರದ ಮೇಲಿನ ಪರದೆ ಎತ್ತಿಸಿ. ಅಡಿಕೆ ಮರದ ಹಾರುವ ಓತಿಯನ್ನು ಮಾತ್ರ ಡ್ರ್ಯಾಗನ್ನಿನ ಮೂಲ ಅಂತ ಹಾಕಬೇಡಿ. ಬಾಲ ಸೇರಿ ಒಂದು ಗೇಣು ಉದ್ದದ ಪ್ರಾಣಿ, ಅದಕ್ಕೆ ಡ್ರೇಕೊ ಅಂತ ಹೆಸರು ಬಂದದ್ದು ಕಥೆಯಿಂದಲೇ.

---

ಸೋಮವಾರಪೇಟೆ ಮೇಷ್ಟ್ರು:

ಇಬ್ಬರಿಗೂ ಧನ್ಯವಾದ. ಗ್ರಿಫಿನ್ ಫಲಕ "ಬಿದ್ದ ಊಹೆ" ಅಂತಲೇ ಇರಲಿ. ಮಕರ, ಗಂಡಭೇರುಂಡ ಏನು ಮಾಡೋಣ? ಆನೆ ಬುರುಡೆ, ಆನೆಹಕ್ಕಿ ಮೊಟ್ಟೆ ಎರಡೂ ಮಾದರಿ ಆಗಲಿ ಅಂತ ಮಕ್ಕಳ ಹಟ. ಊರಲ್ಲಿ ಒಬ್ಬರ ಮನೆಯ ಅಟ್ಟದಲ್ಲಿ ಹಳೆಯ ಆನೆ ಬುರುಡೆ ಇದೆ, ಕೊಡ್ತೀನಿ ಅಂತಿದ್ದಾರೆ.

---

ಶಾಸನಪ್ರಿಯ:

ಮಕರ ನಿಲ್ಲುತ್ತದೆ. ಹಿಂದಿಯ ಮಗರ್, ಇಂಗ್ಲಿಷಿನವರ ಮಗ್ಗರ್ ಎರಡೂ ಮಕರದಿಂದಲೇ ಬಂದ ಮಾತು. ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಬಿಸಿಲು ಕಾಯುವ ಮೊಸಳೆಯೂ ಅದೇ ಜಾತಿ. ಆದರೆ ಬೇಲೂರು, ಹಳೇಬೀಡಿನ ಮಕರತೋರಣದಲ್ಲಿ ಕಾಣುವುದು ಮೊಸಳೆಯೊಂದೇ ಅಲ್ಲ: ಬಾಯಿ ಮೊಸಳೆಯದು, ಮೂತಿ ಆನೆಯ ಸೊಂಡಿಲು, ಬಾಲ ಬಳ್ಳಿಯಂತೆ ಸುರುಳಿಯಾದ ಗರಿ. ಫಲಕದಲ್ಲಿ ಒಂದು ದೊಡ್ಡ ಮಕರ ಬರೆಸಿ ಅಂಗಾಂಗಕ್ಕೆ ಬಾಣದ ಗುರುತು ಹಾಕಿಸಿ.

ಗಂಡಭೇರುಂಡಕ್ಕೆ ಪ್ರಾಣಿ ಹುಡುಕಬೇಡಿ. ಎರಡು ತಲೆಯ ಮರಿಗಳು ಅಪರೂಪಕ್ಕೆ ಹುಟ್ಟುವುದು ನಿಜ, ಹಾವು ಆಮೆಗಳಲ್ಲಿ ಹೆಚ್ಚು. ಆದರೆ ಅದನ್ನು ನೋಡಿ ಇದನ್ನು ಮಾಡಿದರು ಅನ್ನುವುದಕ್ಕೆ ಏನೂ ಇಲ್ಲ. ಬಳ್ಳಿಗಾವೆಯ ಗಂಡಭೇರುಂಡ ಸ್ತಂಭ 1047ರದ್ದು, ಅಲ್ಲಿ ಅದರ ದೇಹ ಮನುಷ್ಯನದು. ವಿಜಯನಗರದ ನಾಣ್ಯ, ಮೈಸೂರು ಅರಸರ ಲಾಂಛನ, ಈಗ ರಾಜ್ಯ ಸರ್ಕಾರದ ಲಾಂಛನ ಹೀಗೆ ಬಂದ ದಾರಿ ಕಲೆಯದ್ದು, ಕಾಡಿನದ್ದಲ್ಲ. ಪ್ರಶ್ನಾರ್ಥಕ ಚಿಹ್ನೆ ಅಳಿಸಿ "ಪ್ರಾಣಿ ಇಲ್ಲ" ಅಂತ ಬರೆಸಿದರೆ ಫಲಕಕ್ಕೆ ಮರ್ಯಾದೆ ಹೆಚ್ಚುತ್ತದೆ.

ಒಂದು ಸೇರಿಸಬಹುದು. ಗರುಡ ಆನೆಯನ್ನೂ ಆಮೆಯನ್ನೂ ಒಟ್ಟಿಗೆ ಎತ್ತಿ ಹಾರಿದ ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ಹ್ಯೂ ಫಾಲ್ಕನರ್ ಮತ್ತು ಕಾಟ್ಲಿ 1830ರ ದಶಕದಲ್ಲಿ ಶಿವಾಲಿಕ್ ಬೆಟ್ಟದಲ್ಲಿ ದೈತ್ಯ ಆಮೆಯ ಚಿಪ್ಪು ತೆಗೆದಾಗ ಫಾಲ್ಕನರ್ ಈ ಕಥೆಯನ್ನೇ ನೆನೆದರು. ಅವರ ಅಂದಾಜಿನಲ್ಲಿ ಚಿಪ್ಪು 12 ಅಡಿಗೂ ಮೀರಿತ್ತು. ಈಗಿನ ಲೆಕ್ಕ ಸುಮಾರು 2 ಮೀಟರ್. ಆಮೆಯನ್ನು ಮನುಷ್ಯರು ಜೀವಂತ ನೋಡಿರಬಹುದು ಎಂಬ ಅವರ ಊಹೆ ತಪ್ಪು, ಅದು ಅಲ್ಲಿ ಅಳಿದು ಲಕ್ಷಾಂತರ ವರ್ಷ ಆಗಿತ್ತು. ಮೂಳೆ ನೋಡಿರಬಹುದು. ಇದೂ ಸೈಕ್ಲೋಪ್ಸ್ ಸಾಲಿನದ್ದೇ, "ಸಾಧ್ಯತೆ".

---

ಕೊಡೆಮರೆತವ:

ಮೇಷ್ಟ್ರೇ, ಮೊದಲು ಆ ಆನೆ ಬುರುಡೆ ಬೇಡ ಅಂತ ಹೇಳಿಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿಯ ಮೂಳೆ, ಕೊಂಬು, ದಂತ ಅನುಮತಿ ಇಲ್ಲದೆ ಇಟ್ಟುಕೊಳ್ಳೋದೂ ತಪ್ಪು, ಸಾಗಿಸೋದೂ ತಪ್ಪು. ಶಾಲೆಗೆ ಅಂದರೂ ಕೇಸ್ ಕೇಸೇ. ಆ ಮನೆಯವರಿಗೂ ಅರಣ್ಯ ಇಲಾಖೆಯವರ ಹತ್ತಿರ ಕೇಳಿಕೊಳ್ಳೋಕೆ ಹೇಳಿ.

ಬುರುಡೆ ಹೀಗೆ ಮಾಡಿ. ಮನುಷ್ಯನ ತಲೆಬುರುಡೆಯ ಎರಡರಷ್ಟು ಅಳತೆ ಸಾಕು. ಕೋಳಿ ಜಾಲರಿಯಲ್ಲಿ ಆಕಾರ ಕಟ್ಟಿ, ಒಳಗೆ ಮುದ್ದೆ ಮಾಡಿದ ಪೇಪರ್ ತುಂಬಿ. ಹಣೆಯ ನಡುವಿನ ತೂತು ದುಂಡಗೆ ಬೇಡ. ಅಡ್ಡಕ್ಕೆ ಅಗಲ, ಎರಡು ತುದಿ ಸ್ವಲ್ಪ ಕೆಳಕ್ಕೆ ಬಾಗಿರಬೇಕು. ಕಣ್ಣಿನ ಗುಳಿ ಪಕ್ಕದಲ್ಲಿ, ತೂತಿಗಿಂತ ಕೆಳಗೆ. ದಂತದ ಗೂಡು ಎರಡು ದಪ್ಪ ಕೊಳವೆ ಹಾಗೆ ಕೆಳಗೆ ಇಳಿಯಬೇಕು. ದಂತ ಕಳಚೋ ಹಾಗೆ ಮಾಡಿ: ಹಾಕಿದಾಗ ಆನೆ, ತೆಗೆದಾಗ ಒಕ್ಕಣ್ಣ. ಮೇಲೆ ಹಚ್ಚೋಕೆ ಪೇಪರ್ ತಿರುಳು: ರಾತ್ರಿ ನೆನೆಸಿ, ರುಬ್ಬಿ, ಗಟ್ಟಿಯಾಗಿ ಹಿಂಡಿ, 4 ಪಾಲು ತಿರುಳಿಗೆ 1 ಪಾಲು ಫೆವಿಕಾಲ್, ಒಂದು ಹಿಡಿ ಸೀಮೆಸುಣ್ಣದ ಪುಡಿ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರಿಗಿಂತ ದಪ್ಪ ಹಚ್ಚಿದರೆ ಮೇಲೆ ಒಣಗಿ ಒಳಗೆ ಕೊಳೆಯುತ್ತೆ, ನಾಲ್ಕನೇ ದಿನ ನಾತ ಶುರು.

ಮೊಟ್ಟೆ ಸುಲಭ. ಉದ್ದ 30 ಸೆಂಟಿಮೀಟರ್, ನಡುವಿನ ಸುತ್ತಳತೆ ದಾರದಲ್ಲಿ 72 ಸೆಂಟಿಮೀಟರ್ ಬರೋವರೆಗೆ ಬಲೂನ್ ಊದಿ. ಬಲೂನ್ ಗಂಟಿನ ಕಡೆ ಚೂಪಾಗುತ್ತೆ, ಆನೆಹಕ್ಕಿ ಮೊಟ್ಟೆಯ ಎರಡು ತುದಿಯೂ ಹೆಚ್ಚುಕಡಿಮೆ ಒಂದೇ ಥರ, ಹಾಗಾಗಿ ಗಂಟಿನ ಸುತ್ತ ಪೇಪರ್ ಮೆತ್ತಿ ದುಂಡು ಮಾಡಿ. ಒಂದಿಂಚಿನ ಪಟ್ಟಿ, ಒಂದು ಪದರ ಸುದ್ದಿಪತ್ರಿಕೆ, ಒಂದು ಪದರ ಬಿಳಿ ಹಾಳೆ. ಬಣ್ಣ ಬೇರೆ ಇದ್ದರೆ ಎಲ್ಲಿ ಬಿಟ್ಟುಹೋಗಿದೆ ಅಂತ ಕಾಣುತ್ತೆ. ಆರು ಪದರ, ದಿನಕ್ಕೆ ಎರಡು. ಮೊದಲ ದಿನವೇ ಮೂರು ಹಾಕಿದರೆ ಇನ್ನೂ ಒಳ್ಳೇದು, ಯಾಕಂದ್ರೆ ರಾತ್ರಿ ಚಳಿಗೆ ಬಲೂನ್ ಕುಗ್ಗಿದರೆ ತೆಳು ಪದರ ಸುಕ್ಕಾಗುತ್ತೆ. ಬಣ್ಣ ಅಚ್ಚ ಬಿಳಿ ಬೇಡ, ಕೆನೆ ಬಣ್ಣ, ಹೊಳಪಿಲ್ಲದ್ದು. ಒಳಗೆ 8 ಲೀಟರಿನಷ್ಟು ಹಿಡಿಯುತ್ತೆ, ಪಕ್ಕದಲ್ಲಿ ಐದು ಟ್ರೇ ಕೋಳಿಮೊಟ್ಟೆ ಇಡಿ, 150 ಆಯ್ತು, ಲೆಕ್ಕ ಸರಿಹೋಗುತ್ತೆ.

ಮೈದಾ ಅಂಟು ಕಕ್ಕಡದಲ್ಲಿ ಎರಡೇ ದಿನಕ್ಕೆ ಬೂಷ್ಟು. ತೋಟದ ಮನೇಲಿ ಬೋರ್ಡೊ ದ್ರಾವಣಕ್ಕೆ ಇಟ್ಟ ಮೈಲುತುತ್ತ ಒಂದು ಚಿಟಿಕೆ ಹಾಕಿದರೆ ನಿಲ್ಲುತ್ತೆ, ಬೈಂಡಿಂಗಿನವರು ಹಾಗೇ ಮಾಡ್ತಿದ್ದರು. ಆದರೆ ಅದು ವಿಷ, ಮಕ್ಕಳು ಬರಿಗೈಯಲ್ಲಿ ಹಚ್ಚೋ ಕೆಲಸಕ್ಕೆ ಬೇಡ. 1 ಪಾಲು ಫೆವಿಕಾಲ್, 2 ಪಾಲು ನೀರು, ಅಷ್ಟೇ ಸಾಕು. ಒಣಗಿಸೋಕೆ ದೊಡ್ಡ ರಟ್ಟಿನ ಪೆಟ್ಟಿಗೆ, ಮೇಲೆ ಕೆಳಗೆ ನಾಲ್ಕು ನಾಲ್ಕು ತೂತು, ಒಳಗೆ ಹಳೇ ಕಾಲದ 60 ವಾಟ್ ಬಲ್ಬು. ಎಲ್‌ಇಡಿ ಬಲ್ಬಿಗೆ ಅಷ್ಟು ಶಾಖ ಇಲ್ಲ. ಬಲ್ಬಿಗೂ ರಟ್ಟಿಗೂ ಮಾದರಿಗೂ ಒಂದಡಿ ದೂರ ಇರಲಿ, ಜನ ಇಲ್ಲದಾಗ ಆರಿಸಿ. ತೂತು ಇಲ್ಲದಿದ್ದರೆ ಒಳಗೇ ಆವಿ ಕಟ್ಟಿ ಮತ್ತೆ ಒದ್ದೆ. ಒಲೆ ಮೇಲಿನ ಅಟ್ಟದಲ್ಲಿಟ್ಟರೂ ಒಣಗುತ್ತೆ, ಹೊಗೆ ಹಿಡಿದು ಕಂದಾಗುತ್ತೆ. ಮೊಟ್ಟೆಗೆ ಅದು ಕೇಡು. ಬುರುಡೆಗೆ ಹೊಗೆಬಣ್ಣ ಚೆನ್ನಾಗೇ ಕಾಣುತ್ತೆ, ಪೇಂಟ್ ದುಡ್ಡೂ ಉಳಿಯುತ್ತೆ.